ಅಂತರರಾಷ್ಟ್ರೀಯ ಸಂಸ್ಥೆಯ ಕಚೇರಿ ಮತ್ತು ಪ್ರಯಾಣದ ಭದ್ರತೆ: ಹೊಣೆ ಹೊತ್ತವರು ಮಾಡಬೇಕಾದ ಕೆಲಸ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಸೇನೆಯಿಂದಲೋ ಪೊಲೀಸ್ ಇಲಾಖೆಯಿಂದಲೋ ನಿವೃತ್ತರಾದವರು, ಅಂತರರಾಷ್ಟ್ರೀಯ ಸಂಸ್ಥೆಯೊಂದು ಭದ್ರತೆಯ ಹೊಣೆಗೆ ಕರೆದಿದೆ, ಅಲ್ಲಿ ಮಾಡಬೇಕಾದ ಕೆಲಸವೇನು ಎಂದು ಕೇಳುತ್ತಾರೆ. ಆರೋಗ್ಯ, ಕುಡಿಯುವ ನೀರು, ಮಕ್ಕಳ ಪೌಷ್ಟಿಕತೆ ಮುಂತಾದ ಯೋಜನೆಗಳ ಕ್ಷೇತ್ರ ಕಚೇರಿಗಳಲ್ಲಿ ಆಡಳಿತ ನೋಡಿಕೊಳ್ಳುತ್ತಿರುವವರು, ಇದ್ದಕ್ಕಿದ್ದಂತೆ ತಮ್ಮನ್ನು ‘ಸೆಕ್ಯುರಿಟಿ ಫೋಕಲ್ ಪಾಯಿಂಟ್’ ಎಂದು ನೇಮಿಸಿದ್ದಾರೆ, ಎಲ್ಲಿಂದ ಶುರು ಮಾಡುವುದು ಎಂದು ಕೇಳುತ್ತಾರೆ. ಫೋಕಲ್ ಪಾಯಿಂಟ್ ಎಂದರೆ ತನ್ನ ಮೂಲ ಕೆಲಸದ ಜೊತೆಗೆ ಆ ಕಚೇರಿಯ ಭದ್ರತೆಯ ವಿಷಯಗಳಿಗೆಲ್ಲ ಉತ್ತರ ಕೊಡಬೇಕಾದ ವ್ಯಕ್ತಿ. ಈ ಲೇಖನ ಇಬ್ಬರಿಗೂ ಅನ್ವಯಿಸುತ್ತದೆ.

ಭದ್ರತೆ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಗೇಟು, ಕಾವಲುಗಾರ ಮತ್ತು ಕ್ಯಾಮೆರಾ. ಅವು ಬೇಕು, ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಇಂತಹ ಸಂಸ್ಥೆಗಳ ಸಿಬ್ಬಂದಿಗೆ ಎದುರಾಗುವ ದೊಡ್ಡ ಅಪಾಯಗಳು ರಸ್ತೆ, ಹೊಳೆ ಮತ್ತು ಬಿಸಿಲು. ಇವುಗಳನ್ನು ಎದುರಿಸಲು ಆಯುಧ ಬೇಕಿಲ್ಲ. ಯಾರು ಎಲ್ಲಿದ್ದಾರೆ ಎಂಬ ಮಾಹಿತಿಯೂ, ‘ಇವತ್ತು ಹೋಗುವುದು ಬೇಡ’ ಎಂದು ಹೇಳಬಲ್ಲ ಅಧಿಕಾರವೂ ಇದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಕೆಳಗಿನ ಹಂತಗಳಲ್ಲಿ ಪ್ರಯಾಣಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಆ ಕಾರಣಕ್ಕೆ.

1. ಅಧಿಕಾರವನ್ನು ಬರಹದಲ್ಲಿ ಪಡೆದುಕೊಳ್ಳಿ

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಎರಡು ಪ್ರಶ್ನೆಗಳಿಗೆ ಸಂಸ್ಥೆಯ ಮುಖ್ಯಸ್ಥರ ಸಹಿಯಿರುವ ಉತ್ತರ ನಿಮ್ಮ ಕೈಯಲ್ಲಿರಬೇಕು. ಪ್ರಯಾಣಕ್ಕೆ ಅನುಮತಿ ಕೊಡುವವರು ಯಾರು? ಹೊರಟ ಪ್ರಯಾಣವನ್ನು ದಾರಿಯಲ್ಲೇ ನಿಲ್ಲಿಸುವ ಅಧಿಕಾರ ಯಾರಿಗಿದೆ? ಎರಡನೆಯದನ್ನು ಬಹಳಷ್ಟು ಸಂಸ್ಥೆಗಳು ಬರೆದಿಡುವುದೇ ಇಲ್ಲ. ಬರೆದಿಡದಿದ್ದರೆ, ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗಲೂ ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯ ಅಧಿಕಾರಿಯ ಮಾತೇ ನಡೆಯುತ್ತದೆ. ನೀರು, ನಿದ್ದೆ, ವಾಹನದ ದೋಷ ಈ ಮೂರು ಕಾರಣಗಳಿಗೆ ಗಾಡಿ ನಿಲ್ಲಿಸುವ ಅಧಿಕಾರವನ್ನು ಡ್ರೈವರ್‌ಗೂ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಸಂಸ್ಥೆಗಳು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿವೆ. 2003ರ ಆಗಸ್ಟ್ 19ರಂದು ಬಾಗ್ದಾದಿನ ಕೆನಾಲ್ ಹೋಟೆಲಿನಲ್ಲಿದ್ದ ವಿಶ್ವಸಂಸ್ಥೆಯ ಕಚೇರಿಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ 22 ಮಂದಿ ಸತ್ತರು. ಅದರ ನಂತರ 2005ರಲ್ಲಿ ವಿಶ್ವಸಂಸ್ಥೆ ಸುರಕ್ಷತೆ ಮತ್ತು ಭದ್ರತೆಗೆಂದೇ ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿತು. ಆ ವ್ಯವಸ್ಥೆಯಲ್ಲಿ ಪ್ರತಿ ದೇಶಕ್ಕೂ ಭದ್ರತೆಯ ವಿಷಯದಲ್ಲಿ ಉತ್ತರದಾಯಿಯಾದ ಒಬ್ಬ ಹಿರಿಯ ಅಧಿಕಾರಿ ಇರುತ್ತಾರೆ, ಭದ್ರತಾ ಸಲಹೆಗಾರರು ಅವರಿಗೆ ಸಲಹೆ ಕೊಡುತ್ತಾರೆ. ಈ ವಿಂಗಡಣೆಯನ್ನು ಗಮನಿಸಿ: ಅಪಾಯದ ಹೊಣೆ ಯೋಜನೆ ನಡೆಸುವವರದು, ಅದನ್ನು ಅಳೆದು ಮುಂದಿಡುವುದು ನಿಮ್ಮದು.

ಇದಕ್ಕೆ ನ್ಯಾಯಾಲಯದ ಒತ್ತೂ ಇದೆ. 2012ರಲ್ಲಿ ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್‌ನ ವಾಹನಗಳ ಮೇಲೆ ದಾಳಿ ನಡೆದು ಒಬ್ಬ ಚಾಲಕ ಮೃತಪಟ್ಟರು, ನಾಲ್ವರು ಸಿಬ್ಬಂದಿಯ ಅಪಹರಣವಾಯಿತು. ಅವರಲ್ಲೊಬ್ಬರು ಹೂಡಿದ ದಾವೆಯಲ್ಲಿ ಓಸ್ಲೋ ಜಿಲ್ಲಾ ನ್ಯಾಯಾಲಯ 2015ರಲ್ಲಿ ಸಂಸ್ಥೆಯದು ಘೋರ ನಿರ್ಲಕ್ಷ್ಯ ಎಂದು ತೀರ್ಪಿತ್ತು ಪರಿಹಾರ ಕೊಡಿಸಿತು. ‘ಡ್ಯೂಟಿ ಆಫ್ ಕೇರ್’ ಎಂದು ಸಂಸ್ಥೆಗಳ ದಾಖಲೆಗಳಲ್ಲಿ ಕಾಣುವುದು ಇದೇ: ತನ್ನ ಕೆಲಸಕ್ಕಾಗಿ ಹೊರಟವರನ್ನು ಊಹಿಸಬಹುದಾದ ಅಪಾಯದಿಂದ ಕಾಯಲು ಸಂಸ್ಥೆಗಿರುವ ಕಾನೂನುಬದ್ಧ ಹೊಣೆ. ಬಜೆಟ್ ಕೇಳುವಾಗ ಈ ಪ್ರಕರಣವನ್ನು ನೆನಪಿಸಿದರೆ ಹಣಕಾಸು ವಿಭಾಗದವರು ಕಿವಿಗೊಡುತ್ತಾರೆ.

ಎಚ್ಚರಿಕೆ: ಅಧಿಕಾರ ಸಿಕ್ಕಿತೆಂದು ಎಲ್ಲದಕ್ಕೂ ‘ಬೇಡ’ ಎನ್ನತೊಡಗಿದರೆ ಸಹೋದ್ಯೋಗಿಗಳು ನಿಮಗೆ ಹೇಳದೆ ಹೋಗಲು ಕಲಿಯುತ್ತಾರೆ. ಪ್ರತಿ ‘ಬೇಡ’ದ ಜೊತೆಗೆ ಬೇರೆ ದಿನವನ್ನೋ ಬೇರೆ ದಾರಿಯನ್ನೋ ಸೂಚಿಸಿ.

2. ಅಪಾಯಗಳನ್ನು ಊರಿನ ಹೆಸರು ಹಿಡಿದು ಬರೆಯಿರಿ

ಹಾನಿ ಮಾಡಬಲ್ಲದ್ದನ್ನು ಬೆದರಿಕೆ ಎಂದೂ, ಅದು ನಿಮ್ಮವರನ್ನು ತಟ್ಟುವ ಸಾಧ್ಯತೆ ಮತ್ತು ತಟ್ಟಿದರೆ ಆಗುವ ಪರಿಣಾಮ ಇವೆರಡನ್ನೂ ಸೇರಿಸಿ ಅಪಾಯ ಎಂದೂ ಈ ವೃತ್ತಿಯಲ್ಲಿ ಕರೆಯುತ್ತಾರೆ. ಸಾಧ್ಯತೆಗೂ ಪರಿಣಾಮಕ್ಕೂ ಒಂದರಿಂದ ಐದರವರೆಗೆ ಅಂಕ ಕೊಟ್ಟು ಗುಣಿಸುವುದು ರೂಢಿ. ಕೇಂದ್ರ ಕಚೇರಿ ಕಳಿಸುವ ಸಿದ್ಧ ಪಟ್ಟಿಯಲ್ಲಿ ಭಯೋತ್ಪಾದನೆ, ಅಪಹರಣ, ದಂಗೆ ಎಂದೆಲ್ಲ ಇರುತ್ತದೆ. ಅದನ್ನು ಹಾಗೆಯೇ ತುಂಬಿ ವಾಪಸ್ ಕಳಿಸಿದರೆ ಯಾರಿಗೂ ಉಪಯೋಗವಿಲ್ಲ.

ಒಂದು ಸಾಲನ್ನು ಹೇಗೆ ಬರೆಯಬೇಕೆಂದು ನೋಡೋಣ. ಬಳ್ಳಾರಿ ಕಚೇರಿಯವರು ಪ್ರತಿ ವಾರ ಕಂಪ್ಲಿಯ ಮೇಲಿಂದ ಗಂಗಾವತಿಗೆ ಹೋಗುತ್ತಾರೆ ಎಂದುಕೊಳ್ಳಿ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದು ಆ ಭಾಗದವರಿಗೆ ಹೊಸತಲ್ಲ. ಮಳೆಗಾಲದಲ್ಲಿ ಸಾಧ್ಯತೆಗೆ 4 ಅಂಕ, ವಾಹನ ನೀರಿಗಿಳಿದರೆ ಪರಿಣಾಮಕ್ಕೆ 5, ಗುಣಿಸಿದರೆ 20. ಈಗ ಕ್ರಮ ಬರೆಯಿರಿ: ಹೊರಡುವ ದಿನ ಬೆಳಿಗ್ಗೆ ಜಲಾಶಯದ ಹೊರಹರಿವು ವಿಚಾರಿಸುವುದು, ನದಿಪಾತ್ರದವರಿಗೆ ಎಚ್ಚರಿಕೆ ಹೊರಟಿದ್ದರೆ ಹೊಸಪೇಟೆ, ಮುನಿರಾಬಾದ್ ಮೂಲಕ ಸುತ್ತಿ ಹೋಗುವುದು. ಸಾಧ್ಯತೆ 1ಕ್ಕೆ ಇಳಿಯಿತು, ಪರಿಣಾಮ 5ರಲ್ಲೇ ಉಳಿಯಿತು, ಗುಣಿಸಿದರೆ 5. ಕ್ರಮ ಕೈಗೊಂಡ ಮೇಲೂ ಉಳಿಯುವ ಈ ಅಪಾಯವನ್ನು ಒಪ್ಪಿಕೊಂಡವರು ಯಾರು ಎಂದು ಅದೇ ಸಾಲಿನ ಕೊನೆಗೆ ಹೆಸರು ಬರೆಯಿರಿ.

ಹೊಳೆಯ ವಿಷಯದಲ್ಲಿ ಮಳೆ ಎಲ್ಲಿ ಬಿದ್ದಿದೆ ಎಂದು ನೋಡುವ ಅಭ್ಯಾಸ ಬೇಕು. ರಾಯಚೂರಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮಹಾರಾಷ್ಟ್ರದ ಘಟ್ಟಗಳ ಮಳೆಯಿಂದ ಆಲಮಟ್ಟಿ, ನಾರಾಯಣಪುರ ತುಂಬಿ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ಕೃಷ್ಣಾ ನಡುಗಡ್ಡೆಯ ಊರುಗಳ ಸಂಪರ್ಕ ಕಡಿದುಹೋಗುತ್ತದೆ. ಹೊರಹರಿವನ್ನು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ; ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ನಿಮ್ಮ ದಾರಿಯ ಯಾವ ಸೇತುವೆ ಎಷ್ಟು ಕ್ಯೂಸೆಕ್‌ಗೆ ಮುಳುಗುತ್ತದೆ ಎಂಬುದನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ ಗೋಡೆಯ ನಕ್ಷೆಯ ಮೇಲೆ ಬರೆದಿಡಿ. ಮಳೆಯೇ ಇಲ್ಲದೆಯೂ ನೀರು ಬರಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೋದದ್ದು ಹಾಗೆ.

ಬಿಸಿಲನ್ನೂ ಪಟ್ಟಿಗೆ ಸೇರಿಸಿ. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ನಿಮ್ಮ ಸಮೀಕ್ಷೆ, ಗ್ರಾಮ ಭೇಟಿಗಳನ್ನೂ ಅದೇ ಸಮಯಕ್ಕೆ ಹೊಂದಿಸಿ. ದೆಹಲಿಯಿಂದಲೋ ಜಿನೀವಾದಿಂದಲೋ ಬರುವ ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಮೂರಕ್ಕೆ ಹೊಲದ ಭೇಟಿ ಇದ್ದರೆ ಅದನ್ನು ಬದಲಿಸುವುದು ನಿಮ್ಮ ಕರ್ತವ್ಯ.

3. ಕಟ್ಟಡವನ್ನು ಹೊರಗಿನಿಂದ ಒಳಕ್ಕೆ ಪರೀಕ್ಷಿಸಿ

ನಮ್ಮ ಕಡೆ ಇಂತಹ ಕಚೇರಿಗಳು ಹೆಚ್ಚಾಗಿ ಬಾಡಿಗೆ ಮನೆಗಳಲ್ಲಿ ಇರುತ್ತವೆ. ಕಾಂಪೌಂಡ್, ಗೇಟು, ಬಾಗಿಲು, ಒಳಕೋಣೆ, ತಿಜೋರಿ ಹೀಗೆ ಒಂದೊಂದೇ ಸುತ್ತನ್ನು ನೋಡುತ್ತ ಬನ್ನಿ. ಪ್ರತಿ ಸುತ್ತಿನಲ್ಲೂ ಮೂರು ಪ್ರಶ್ನೆಗಳಿವೆ: ಒಳನುಗ್ಗಿದವನು ಇಲ್ಲಿ ಗೊತ್ತಾಗುತ್ತಾನೆಯೇ, ಎಷ್ಟು ಹೊತ್ತು ತಡೆಯಲ್ಪಡುತ್ತಾನೆ, ಅಷ್ಟರೊಳಗೆ ಯಾರು ಬರುತ್ತಾರೆ. 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸ್ ವಾಹನ ಬರಲು ಹದಿನೈದು ನಿಮಿಷ ಬೇಕಾದರೆ, ಐದು ನಿಮಿಷದಲ್ಲಿ ಮುರಿಯುವ ಬೀಗದಿಂದ ಪ್ರಯೋಜನವಿಲ್ಲ. ಬೀಗ, ಸರಳು, ಬಾಗಿಲುಗಳಿಗೆ ಹಣ ಹಾಕುವ ಮೊದಲು ಈ ಲೆಕ್ಕ ಮಾಡಿ.

ಕ್ಯಾಮೆರಾ ಇದೆ ಎಂದು ತೋರಿಸುವವರು ಬಹಳ, ಹಿಂದಿನ ವಾರದ ದೃಶ್ಯ ತೆಗೆದು ತೋರಿಸಿ ಎಂದರೆ ತೋರಿಸಬಲ್ಲವರು ಕಡಿಮೆ. ದೃಶ್ಯಗಳನ್ನು ದಾಖಲಿಸಿಡುವ ಡಿವಿಆರ್ ಪೆಟ್ಟಿಗೆ ಸ್ವಾಗತ ಮೇಜಿನ ಕೆಳಗಿದ್ದರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಅದರ ಗಡಿಯಾರ ತಪ್ಪಿದ್ದರೆ ದೃಶ್ಯವಿದ್ದೂ ತನಿಖೆಗೆ ತೊಡಕಾಗುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಅದನ್ನು ಎಷ್ಟು ಹೊತ್ತು ನಡೆಸುತ್ತದೆ ಎಂಬುದನ್ನು ನಿಜವಾಗಿ ಮೇನ್ ಸ್ವಿಚ್ ಆರಿಸಿ ನೋಡಿ.

ಬೆಂಕಿಯ ವಿಷಯದಲ್ಲಿ ಬಾಡಿಗೆ ಮನೆಗಳ ದೊಡ್ಡ ದೋಷವೆಂದರೆ ಕಿಟಕಿಯ ಸರಳು. ಕಳ್ಳನನ್ನು ತಡೆಯಲು ಎಲ್ಲ ಕಿಟಕಿಗಳಿಗೂ ಕಬ್ಬಿಣದ ಗ್ರಿಲ್ ಬೆಸೆದಿರುತ್ತಾರೆ, ಮೆಟ್ಟಿಲು ಒಂದೇ ಇರುತ್ತದೆ, ಅದರ ಕೆಳಗೆ ಇನ್ವರ್ಟರ್ ಬ್ಯಾಟರಿ ಇಟ್ಟಿರುತ್ತಾರೆ. ಬೆಂಕಿ ಹೊತ್ತಿಕೊಳ್ಳಬಹುದಾದ ಜಾಗವೇ ಹೊರಬರುವ ಒಂದೇ ದಾರಿ. ಬ್ಯಾಟರಿಯನ್ನು ಹೊರಗೆ ಗಾಳಿಯಾಡುವ ಕಡೆಗೆ ಸಾಗಿಸಿ, ಪ್ರತಿ ಮಹಡಿಯಲ್ಲೂ ಒಂದು ಗ್ರಿಲ್ಲನ್ನು ಒಳಗಿನಿಂದ ತೆರೆಯುವಂತೆ ಕೀಲು ಹಾಕಿಸಿ, ಬೀಗದ ಕೈಯನ್ನು ಪಕ್ಕದಲ್ಲೇ ತೂಗುಹಾಕಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಮಾಲೀಕರನ್ನು ಒಪ್ಪಿಸಿಕೊಳ್ಳುವುದು ಸುಲಭ, ಆಮೇಲೆ ಕಷ್ಟ.

4. ಕಾವಲುಗಾರರನ್ನು ಒದಗಿಸುವ ಏಜೆನ್ಸಿ

ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, 2005ರ ಪ್ರಕಾರ ಏಜೆನ್ಸಿಗೆ ಪರವಾನಗಿ ಇರಲೇಬೇಕು, ಕಾವಲುಗಾರರಿಗೆ ತರಬೇತಿ ಮತ್ತು ಪೂರ್ವಾಪರ ಪರಿಶೀಲನೆ ಆಗಿರಬೇಕು. ಪರವಾನಗಿಯ ಪ್ರತಿ, ಭವಿಷ್ಯ ನಿಧಿ ಮತ್ತು ಇಎಸ್ಐ ಕಟ್ಟಿದ ರಸೀದಿ ಕೇಳಿ ಪಡೆಯಿರಿ. ಒಬ್ಬನೇ ಹಗಲೂ ರಾತ್ರಿಯೂ ಕುಳಿತಿದ್ದರೆ ನಿಮಗೆ ಕಾವಲುಗಾರ ಇಲ್ಲ ಎಂದೇ ತಿಳಿಯಿರಿ. ಗೇಟಿನ ರಿಜಿಸ್ಟರ್‌ನಲ್ಲಿ ಒಳಗೆ ಬಂದ ಸಮಯ ಇರುತ್ತದೆ, ಹೊರಗೆ ಹೋದ ಸಮಯದ ಅಂಕಣ ಖಾಲಿ ಇರುತ್ತದೆ. ಬೆಂಕಿ ಬಿದ್ದ ದಿನ ಒಳಗೆ ಎಷ್ಟು ಜನ ಇದ್ದಾರೆಂದು ತಿಳಿಯಲು ಬೇಕಾಗುವುದು ಆ ಅಂಕಣವೇ.

5. ಪ್ರಯಾಣ: ಹೊರಡುವ ಮೊದಲು, ದಾರಿಯಲ್ಲಿ, ಮರಳಿದ ಮೇಲೆ

ಪ್ರಯಾಣದ ಅಪಾಯ ನಿರ್ವಹಣೆಗೆ ಐಎಸ್ಒ 31030 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2021ರಲ್ಲಿ ಬಂದಿದೆ. ನಿಮ್ಮ ಸಂಸ್ಥೆಯ ನಿಯಮಗಳು ಬಹುಶಃ ಅದನ್ನೇ ಆಧರಿಸಿರುತ್ತವೆ. ಕ್ಷೇತ್ರ ಕಚೇರಿಯ ಮಟ್ಟದಲ್ಲಿ ಅದನ್ನು ಒಂದು ಪುಟದ ಪ್ರಯಾಣ ಹಾಳೆಗೆ ಇಳಿಸಬಹುದು: ಯಾರು ಹೋಗುತ್ತಿದ್ದಾರೆ, ಯಾವ ದಾರಿ, ಯಾವ ವಾಹನ, ಚಾಲಕ ಯಾರು, ಎಲ್ಲೆಲ್ಲಿಂದ ಎಷ್ಟು ಹೊತ್ತಿಗೆ ಕರೆ ಮಾಡುತ್ತಾರೆ, ಯಾವ ಊರಿನಲ್ಲಿ ಯಾರನ್ನು ಭೇಟಿಯಾಗುತ್ತಾರೆ, ಎಷ್ಟಕ್ಕೆ ಮರಳುತ್ತಾರೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಹಾಳೆ ಬರದಿದ್ದರೆ ಬೆಳಿಗ್ಗೆ ವಾಹನ ಇಲ್ಲ ಎಂಬ ನಿಯಮ ಮಾಡಿ, ಮೊದಲ ತಿಂಗಳು ಅದನ್ನು ಮುಲಾಜಿಲ್ಲದೆ ಪಾಲಿಸಿ.

ವಾಹನದ ಬಗ್ಗೆ: ಬಾಡಿಗೆಗೆ ಹಳದಿ ಬೋರ್ಡಿನ ಗಾಡಿಯನ್ನೇ ತೆಗೆದುಕೊಳ್ಳಿ. ಪರಿಚಯದವರ ಬಿಳಿ ಬೋರ್ಡಿನ ಕಾರು ಕಡಿಮೆ ದರಕ್ಕೆ ಸಿಗುತ್ತದೆ, ಆದರೆ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವುದು ನಿಯಮಬಾಹಿರ, ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ಅದೇ ಸಾಕು. ವಿಮೆ, ಫಿಟ್ನೆಸ್ ಪ್ರಮಾಣಪತ್ರ, ಪರ್ಮಿಟ್ ಮೂರರ ಕೊನೆಯ ದಿನಾಂಕಗಳನ್ನು ನೀವೇ ಓದಿ. ಟೈರು, ಸ್ಟೆಪ್ನಿ, ಜಾಕಿ ನೋಡಿ. ಹಿಂದಿನ ಸೀಟಿನ ಬೆಲ್ಟುಗಳು ಸೀಟಿನ ಕೆಳಗೆ ಸೇರಿಕೊಂಡಿದ್ದರೆ ಹೊರಗೆ ತೆಗೆಸಿ. ಹಿಂದೆ ಕುಳಿತವರಿಗೂ ಬೆಲ್ಟ್ ಕಾನೂನಿನಲ್ಲೇ ಕಡ್ಡಾಯ, ಅದನ್ನು ಮುರಿಯುವವರಲ್ಲಿ ಹಿರಿಯ ಅಧಿಕಾರಿಗಳೇ ಮುಂದೆ.

ಚಾಲಕರ ಬಗ್ಗೆ: 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ನೀವು ಬೆಳಿಗ್ಗೆ ಆರಕ್ಕೆ ಕರೆಸಿಕೊಂಡ ಡ್ರೈವರ್ ಹಿಂದಿನ ರಾತ್ರಿ ಬೇರೆಯವರನ್ನು ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಿರಬಹುದು. ಕಳೆದ ರಾತ್ರಿ ಎಷ್ಟು ಹೊತ್ತು ಮಲಗಿದಿರಿ ಎಂಬ ಪ್ರಶ್ನೆಯನ್ನು ಪ್ರಯಾಣ ಹಾಳೆಯಲ್ಲೇ ಮುದ್ರಿಸಿಬಿಡಿ. ಅತಿಥಿಗಳು ತಂಗುವ ಲಾಡ್ಜಿನಲ್ಲಿ ಡ್ರೈವರ್‌ಗೂ ಹಾಸಿಗೆಯ ವ್ಯವಸ್ಥೆ ಇರಲಿ. ಕಾರಿನ ಸೀಟಿನಲ್ಲಿ ಮಲಗಿ ಎದ್ದವರ ಕೈಗೆ ಮರುದಿನ ಸ್ಟಿಯರಿಂಗ್ ಕೊಡಬೇಡಿ.

ದಾರಿಯ ಬಗ್ಗೆ: ಬಳ್ಳಾರಿಯಿಂದ ರಾಯಚೂರಿಗೆ ಸಿರುಗುಪ್ಪ, ಸಿಂಧನೂರು, ಮಾನ್ವಿ ಮೂಲಕವೂ ಹೋಗಬಹುದು, ಆಂಧ್ರದ ಆಲೂರು, ಆದೋನಿ, ಮಂತ್ರಾಲಯ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 167ರಲ್ಲೂ ಹೋಗಬಹುದು. ಎರಡೂ ದಾರಿಗಳು ತುಂಗಭದ್ರೆಯನ್ನು ದಾಟಲೇಬೇಕು. ಎರಡನೆಯದರಲ್ಲಿ ರಾಜ್ಯ ಬದಲಾಗುತ್ತದೆ: ಬಾಡಿಗೆ ವಾಹನಕ್ಕೆ ಪರ್ಮಿಟ್ ಮತ್ತು ತೆರಿಗೆಯ ಪ್ರಶ್ನೆ ಬರುತ್ತದೆ, 112ಕ್ಕೆ ಮಾಡಿದ ಕರೆ ನೆರೆ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಬಹುದು, ಅಲ್ಲಿ ತೆಲುಗು ಮಾತಾಡಬಲ್ಲವರು ನಿಮ್ಮ ವಾಹನದಲ್ಲಿ ಇರಬೇಕು. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಸಾಲನ್ನು ಹಿಂದಿಕ್ಕುವ ಆತುರವೇ ಅಪಾಯ, ಕೆಂಧೂಳಿನಲ್ಲಿ ಎದುರಿನ ವಾಹನ ಹತ್ತಿರ ಬರುವವರೆಗೆ ಕಾಣುವುದಿಲ್ಲ.

ಕತ್ತಲಾದ ಮೇಲೆ ಜಿಲ್ಲೆಯ ಒಳರಸ್ತೆಗಳಲ್ಲಿ ಪ್ರಯಾಣ ಬೇಡ ಎಂಬ ನಿಯಮವನ್ನು ಬಹಳಷ್ಟು ಸಂಸ್ಥೆಗಳು ಬರೆದಿಟ್ಟಿರುತ್ತವೆ. ನಮ್ಮಲ್ಲಿ ಅದಕ್ಕಿರುವ ಕಾರಣವನ್ನು ಸುಗ್ಗಿಯ ದಿನಗಳಲ್ಲಿ ಸಿಂಧನೂರು, ಕಾರಟಗಿ ಭಾಗದಲ್ಲಿ ಕಣ್ಣಾರೆ ನೋಡಬಹುದು. ಡಾಂಬರು ರಸ್ತೆಯ ಒಂದು ಮಗ್ಗುಲಿಗೆ ಭತ್ತ ಹರವಿ, ವಾಹನ ಹತ್ತದಿರಲೆಂದು ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಸಂಜೆ ಭತ್ತವನ್ನು ರಾಶಿ ಮಾಡಿ ಕಪ್ಪು ತಾಡಪಾಲು ಮುಚ್ಚಿದಾಗ ಅದು ಹೆಡ್‌ಲೈಟಿನ ಬೆಳಕಿಗೂ ರಸ್ತೆಯ ಬಣ್ಣವೇ ಆಗಿರುತ್ತದೆ, ಭತ್ತ ತೆಗೆದ ಮೇಲೂ ಕಲ್ಲುಗಳು ಅಲ್ಲೇ ಉಳಿದಿರುತ್ತವೆ. ಅದಕ್ಕೆ ಹಿಂದೀಪವಿಲ್ಲದೆ ಹುಲ್ಲು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಟ್ರೈಲರ್‌ಗಳನ್ನು ಸೇರಿಸಿಕೊಳ್ಳಿ. “ಇನ್ನೊಂದ್ ತಾಸಿಗೆ ಮುಟ್ತೀವಿ ಬಿಡ್ರೀ ಸಾರ್” ಎಂಬ ಮಾತು ಫೋನಿನಲ್ಲಿ ಬರುವುದು ಇಂಥ ಹೊತ್ತಿನಲ್ಲೇ. ಅದಕ್ಕೆ ಉತ್ತರ ಮೊದಲೇ ಸಿದ್ಧವಿರಬೇಕು: ದಾರಿಯಲ್ಲಿ ಯಾವ ಊರಿನ ಯಾವ ವಸತಿಗೃಹದಲ್ಲಿ ಉಳಿಯಬಹುದು, ಆ ಖರ್ಚಿಗೆ ಮರುಮಾತಿಲ್ಲದೆ ಅನುಮೋದನೆ ಸಿಗುತ್ತದೆ ಎಂದು. ಉಳಿದುಕೊಂಡವರ ಬಿಲ್ಲಿಗೆ ಲೆಕ್ಕಪತ್ರ ವಿಭಾಗ ತಕರಾರು ಮಾಡಿದರೆ ಮುಂದಿನ ಸಲ ಯಾರೂ ಉಳಿಯುವುದಿಲ್ಲ.

ಕರೆಯ ನಿಯಮ ಹೀಗಿರಲಿ. ಹೊರಟಾಗ, ಸ್ಥಳ ಮುಟ್ಟಿದಾಗ, ಮರಳಿ ಹೊರಟಾಗ, ಮನೆ ಸೇರಿದಾಗ ಸಂದೇಶ ಬರಬೇಕು. ಗೊತ್ತುಮಾಡಿದ ಸಮಯ ಮೀರಿ ಅರ್ಧ ಗಂಟೆಯಾದರೆ ನೀವೇ ಪ್ರಯಾಣಿಕರಿಗೂ ಡ್ರೈವರ್‌ಗೂ ಫೋನ್ ಮಾಡಿ. ಒಂದು ಗಂಟೆಯಾದರೆ ಭೇಟಿಯ ಊರಿನ ಪರಿಚಿತರಿಗೆ, ವಾಹನದ ಮಾಲೀಕರಿಗೆ ಮಾಡಿ ಮೇಲಧಿಕಾರಿಗೆ ತಿಳಿಸಿ. ಎರಡು ಗಂಟೆಯಾದರೆ ಇನ್ನು ಕಾಯುವುದು ಬೇಡ, ದಾರಿಯ ಠಾಣೆಗಳಿಗೂ 112ಕ್ಕೂ ತಿಳಿಸಿ. ಸಿಗ್ನಲ್ ಸಿಗದ ತಾಂಡಾಗಳು, ಗುಡ್ಡದ ಮರೆಯ ಊರುಗಳು ಯಾವುವೆಂದು ಮೊದಲೇ ಗುರುತಿಸಿದ್ದರೆ ಸುಮ್ಮನೆ ಗಾಬರಿಯಾಗುವುದು ತಪ್ಪುತ್ತದೆ. ಸಾಮಾನ್ಯ ತಪ್ಪೆಂದರೆ ಈ ಕೆಲಸವನ್ನು ವಾಟ್ಸ್ಆ್ಯಪ್ ಗುಂಪಿಗೆ ಬಿಡುವುದು. ಗುಂಪಿನಲ್ಲಿರುವ ಪ್ರತಿಯೊಬ್ಬರೂ ಬೇರೆ ಯಾರೋ ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆ ದಿನ ಕರೆ ಕಾಯುವವರು ಇಂಥವರೇ ಎಂದು ಒಬ್ಬರ ಹೆಸರು ಹಾಳೆಯಲ್ಲಿರಬೇಕು, ಕೊನೆಯ ವಾಹನ ಮರಳುವವರೆಗೆ ಅವರು ಫೋನ್ ಆರಿಸುವಂತಿಲ್ಲ.

ಚುನಾವಣೆಯ ನೀತಿಸಂಹಿತೆ ಜಾರಿಯಲ್ಲಿರುವಾಗ ಇನ್ನೊಂದು ತೊಡಕಿದೆ. ತರಬೇತಿ ಭತ್ಯೆಗೆಂದು 50,000 ರೂಪಾಯಿಗಿಂತ ಹೆಚ್ಚು ನಗದು ದಾಖಲೆಯಿಲ್ಲದೆ ಒಯ್ದರೆ ಚೆಕ್‌ಪೋಸ್ಟಿನಲ್ಲಿ ವಶವಾಗುತ್ತದೆ. ಆ ತಿಂಗಳುಗಳಲ್ಲಿ ಬ್ಯಾಂಕ್ ಮೂಲಕವೇ ಪಾವತಿ ಮಾಡಿ.

6. ಹೊರಗಿನಿಂದ ಬರುವ ಅತಿಥಿಗಳು ಮತ್ತು ಹೊರದೇಶಕ್ಕೆ ಹೋಗುವ ನಮ್ಮವರು

ವಿದೇಶಿ ಅತಿಥಿ ತಂಗುವ ಹೋಟೆಲು ಅಥವಾ ಅತಿಥಿಗೃಹ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಹೋಟೆಲಿನವರು ಇದನ್ನು ‘ಸಿ ಫಾರ್ಮ್’ ಎನ್ನುತ್ತಾರೆ. ಸಂಸ್ಥೆಯ ಸ್ವಂತ ಅತಿಥಿಗೃಹವಾದರೆ ಆ ಹೊಣೆ ನಿಮ್ಮ ಮೇಲೇ ಬೀಳುತ್ತದೆ, ಮರೆಯಬೇಡಿ. ಅತಿಥಿ ವಿಮಾನ ಹತ್ತುವ ಮೊದಲೇ ಒಂದು ಪತ್ರ ಕಳಿಸಿ: ಪರವಾನಗಿಯಿಲ್ಲದ ಸ್ಯಾಟಲೈಟ್ ಫೋನ್ ಭಾರತದಲ್ಲಿ ಅಪರಾಧ, ಬೇರೆ ದೇಶದ ಕೆಲಸಕ್ಕೆ ಇಟ್ಟುಕೊಂಡದ್ದನ್ನು ಚೀಲದಲ್ಲಿ ಮರೆತು ಬಂದು ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾದವರಿದ್ದಾರೆ. ಡ್ರೋನ್ ತರುವುದು ಬೇಡ. ತುಂಗಭದ್ರಾ ಅಣೆಕಟ್ಟು, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಂಥ ಕಡೆ ಅನುಮತಿ ಕೇಳದೆ ಕ್ಯಾಮೆರಾ ಹೊರತೆಗೆಯುವುದು ಬೇಡ.

ಕೆಲಸ ಮುಗಿದ ಮೇಲಿನ ಸಮಯವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಶನಿವಾರ ಭಾನುವಾರ ಹಂಪಿ, ಆನೆಗೊಂದಿಗೆ ಹೋಗದ ಅತಿಥಿಗಳು ವಿರಳ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದು ವಿರುಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ರಕ್ಷಣಾ ಪಡೆಗಳು ಹೊರತರಬೇಕಾಯಿತು. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ ರಾತ್ರಿ ಕಾಲುವೆಯ ದಂಡೆಯಲ್ಲಿದ್ದವರ ಮೇಲೆ ದಾಳಿ ಮತ್ತು ಅತ್ಯಾಚಾರ ನಡೆದು, ಒಬ್ಬ ಪ್ರವಾಸಿ ನೀರಿನಲ್ಲಿ ಪ್ರಾಣ ಕಳೆದುಕೊಂಡರು. ಸಂತ್ರಸ್ತರ ನಡವಳಿಕೆಯನ್ನು ತೂಗುವುದಕ್ಕೆ ಇಂತಹ ಘಟನೆಗಳನ್ನು ಬಳಸುವ ಚಾಳಿ ನಮ್ಮಲ್ಲಿದೆ, ಅದು ಭದ್ರತೆಯ ಕೆಲಸವೇ ಅಲ್ಲ. ನೀವು ಕೊಡಬೇಕಾದದ್ದು ಇಷ್ಟು: ಯಾವ ಜಾಗದಲ್ಲಿ ರಾತ್ರಿ ದೀಪವಿಲ್ಲ, ಸಿಗ್ನಲ್ ಇಲ್ಲ, ಹತ್ತಿರದ ಠಾಣೆ ಎಷ್ಟು ದೂರ ಎಂಬ ಮಾಹಿತಿ, ಮತ್ತು ಎಷ್ಟು ಹೊತ್ತಿಗಾದರೂ ಎತ್ತುವ ಒಂದು ಫೋನ್ ನಂಬರ್. ಕಾಲುವೆಗಳ ಸೆಳೆತವನ್ನೂ ಹೇಳಿ. ಮೇಲೆ ತಣ್ಣಗೆ ಕಾಣುವ ಎಡದಂಡೆ ಕಾಲುವೆಗೆ ಇಳಿದವರಿಗೆ ಇಳಿಜಾರಿನ ಕಾಂಕ್ರೀಟಿನಲ್ಲಿ ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ನಮ್ಮಿಂದ ಹೊರದೇಶಕ್ಕೆ ಹೋಗುವವರಿಗೆ ವಿಮೆಯಲ್ಲಿ ‘ಮೆಡಿಕಲ್ ಇವ್ಯಾಕ್ಯುಯೇಶನ್’ ಇದೆಯೇ ನೋಡಿ. ಗಂಭೀರ ಕಾಯಿಲೆ ಅಥವಾ ಗಾಯವಾದಾಗ ಒಳ್ಳೆಯ ಆಸ್ಪತ್ರೆಯಿರುವ ಊರಿಗೆ ಸಾಗಿಸುವ ವೆಚ್ಚ ಇದು, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಇದು ಇರುತ್ತದೆಂದು ನಂಬಿ ಕೂರಬೇಡಿ. ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದಲ್ಲೇ ಪ್ರತ್ಯೇಕವಾಗಿ ಇರಿಸುತ್ತಾರೆ.

7. ಊರಿನವರ ಒಪ್ಪಿಗೆ

ಈ ವೃತ್ತಿಯಲ್ಲಿ ರಕ್ಷಣೆಗೆ ಮೂರು ದಾರಿಗಳನ್ನು ಹೇಳುತ್ತಾರೆ: ಗೋಡೆ ಕಟ್ಟಿ ಕಾಪಾಡಿಕೊಳ್ಳುವುದು, ಪ್ರತಿಬಲ ತೋರಿಸಿ ಹಿಮ್ಮೆಟ್ಟಿಸುವುದು, ಜನರ ಒಪ್ಪಿಗೆ ಗಳಿಸುವುದು. ಹಳ್ಳಿಗಳಲ್ಲಿ ಕೆಲಸ ಮಾಡುವವರಿಗೆ ಮೂರನೆಯದೇ ಮುಖ್ಯ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಿನವರನ್ನು ಮಕ್ಕಳ ಕಳ್ಳರೆಂದು ತಿಳಿದು ಗುಂಪು ಬೆನ್ನಟ್ಟಿ ಹೊಡೆದು ಒಬ್ಬರನ್ನು ಕೊಂದಿತು. ಸುದ್ದಿ ಹರಡಿದ್ದು ವಾಟ್ಸ್ಆ್ಯಪ್‌ನಲ್ಲಿ. ಆದ್ದರಿಂದ ಹೊಸ ಊರಿಗೆ ಮೊದಲ ಸಲ ಹೋಗುವಾಗ ಗ್ರಾಮ ಪಂಚಾಯಿತಿಯ ಪಿಡಿಒಗೆ ಮುಂಚೆಯೇ ಪತ್ರ ಕೊಡಿ, ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಶಿಕ್ಷಕಿಯ ಜೊತೆಗೆ ಊರು ಪ್ರವೇಶಿಸಿ, ಕನ್ನಡದಲ್ಲಿ ಬರೆದ ಗುರುತಿನ ಚೀಟಿ ಕೊರಳಲ್ಲಿರಲಿ, ಮಕ್ಕಳಿಗೆ ತಿಂಡಿ ಹಂಚಬೇಡಿ, ಕೇಳದೆ ಅವರ ಫೋಟೊ ತೆಗೆಯಬೇಡಿ.

8. ಅಪಘಾತವಾದಾಗ

ಮೊದಲ ಕರೆ 108 ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಗಂಭೀರ ಗಾಯಾಳುಗಳನ್ನು ಎಲ್ಲಿಗೆ ಒಯ್ಯಬೇಕು ಎಂಬುದನ್ನು ಆ ಹೊತ್ತಿನಲ್ಲಿ ಯೋಚಿಸುವಂತಾಗಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಪ್ರತಿ ದಾರಿಗೂ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು, ನಂತರದ ದೊಡ್ಡ ಆಸ್ಪತ್ರೆ ಯಾವುದು ಎಂದು ಪ್ರಯಾಣ ಹಾಳೆಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ. 2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯ ಪ್ರಕಾರ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯಷ್ಟು ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಮುಂಗಡ ಕಟ್ಟಿ ಎಂದರೆ ಇದನ್ನು ಹೇಳಿ.

ನಿಮ್ಮ ವಾಹನ ಬೇರೆಯವರಿಗೆ ತಗುಲಿದ್ದರೆ ಗುಂಪು ಸೇರುತ್ತದೆ. ಗಾಯಾಳುವಿಗೆ ಚಿಕಿತ್ಸೆ ಒದಗಿಸುವುದು ಚಾಲಕನ ಕರ್ತವ್ಯ ಎನ್ನುವ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು, ಜನರ ಆಕ್ರೋಶದಿಂದ ಅದು ಸಾಧ್ಯವಾಗದ ಸಂದರ್ಭವನ್ನೂ ಗುರುತಿಸಿದೆ. ಆಗ ಚಾಲಕ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೇಗಿದ್ದರೂ 24 ಗಂಟೆಯೊಳಗೆ, ಹೋಗಿ ಕಾರಣ ಸಮೇತ ವರದಿ ಮಾಡಬೇಕು. ಡ್ರೈವರ್‌ಗಳಿಗೆ ಈ ಕಲಮನ್ನು ಕನ್ನಡದಲ್ಲಿ ಓದಿ ಹೇಳಿ: ಆಂಬುಲೆನ್ಸ್‌ಗೆ ಕರೆ ಮಾಡದೆ ಹೊರಡುವಂತಿಲ್ಲ, ಪ್ರಾಣಾಪಾಯವಿದ್ದರೆ ನೇರ ಠಾಣೆಗೆ ಹೋಗಬೇಕು, ಮನೆಗೆ ಹೋಗುವಂತಿಲ್ಲ.

ಮನೆಯವರಿಗೆ ಸುದ್ದಿ ಮುಟ್ಟಿಸುವವರು ಒಬ್ಬರೇ ಇರಲಿ. ವಾಹನದ ಫೋಟೊ ಗುಂಪುಗಳಲ್ಲಿ ಹರಿದಾಡುವ ಮೊದಲು ಅವರು ಫೋನ್ ಮಾಡಬೇಕು, ಗೊತ್ತಿರುವಷ್ಟನ್ನೇ ಹೇಳಬೇಕು. ಸಿಬ್ಬಂದಿಯ ರಕ್ತದ ಗುಂಪು, ಔಷಧಿಯ ಅಲರ್ಜಿ, ಮನೆಯವರ ನಂಬರ್ ಇರುವ ಮುಚ್ಚಿದ ಲಕೋಟೆಯನ್ನು ಕಚೇರಿಯಲ್ಲಿ ಇಡಿ, ಆರು ತಿಂಗಳಿಗೊಮ್ಮೆ ಹೊಸದು ಮಾಡಿ.

9. ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಸಿ

ಅಪಘಾತದ ವರದಿ ಎಲ್ಲರೂ ಬರೆಯುತ್ತಾರೆ. ಡ್ರೈವರ್ ತೂಕಡಿಸಿದ್ದು, ಗೇಟು ರಾತ್ರಿಯಿಡೀ ತೆರೆದಿದ್ದು, ಸೇತುವೆಯ ತುದಿಯಿಂದ ಗಾಡಿ ಹಿಂತಿರುಗಿದ್ದು ಯಾವ ಕಾಗದಕ್ಕೂ ಬರುವುದಿಲ್ಲ. ಹೆಸರಿಲ್ಲದೆ ಬರೆಯಲು ಅವಕಾಶ ಕೊಡಿ. ಬರೆದವರ ಮೇಲೆ ಒಮ್ಮೆ ನೋಟಿಸ್ ಹೊರಟರೂ ಮತ್ತೆ ಆ ಪೆಟ್ಟಿಗೆ ಖಾಲಿಯೇ.

ಪ್ರಮಾಣಪತ್ರ ಬೇಕೇ ಎಂಬ ಪ್ರಶ್ನೆಗೆ ಕೊನೆಗೊಂದು ಉತ್ತರ. ಭದ್ರತಾ ವೃತ್ತಿಯವರ ಅಂತರರಾಷ್ಟ್ರೀಯ ಸಂಘವಾದ ಎಎಸ್ಐಎಸ್ ಇಂಟರ್‌ನ್ಯಾಷನಲ್ ಕೊಡುವ ಸಿಪಿಪಿ (ಭದ್ರತಾ ನಿರ್ವಹಣೆ), ಪಿಎಸ್‌ಪಿ (ಕಟ್ಟಡ, ಆವರಣಗಳ ಭದ್ರತೆ) ಪ್ರಮಾಣಪತ್ರಗಳಿಗೆ ಬೆಲೆಯಿದೆ, ಆದರೆ ಅವು ದುಬಾರಿ, ಹಲವು ವರ್ಷಗಳ ಅನುಭವವನ್ನೂ ಕೇಳುತ್ತವೆ. ವಿಶ್ವಸಂಸ್ಥೆಯ ಸಿಬ್ಬಂದಿಗೆ ಕಡ್ಡಾಯವಾದ ಬಿ-ಸೇಫ್ ಎಂಬ ಆನ್‌ಲೈನ್ ತರಬೇತಿಯಿಂದ ಶುರು ಮಾಡಬಹುದು. ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆ ಮಾತ್ರ ಸರಳವಾಗಿರುತ್ತದೆ: ವಾಹನವೊಂದು ಹೇಳಿದ ಸಮಯಕ್ಕೆ ಮರಳಲಿಲ್ಲ, ನೀವು ಏನು ಮಾಡುತ್ತೀರಿ? ಐದನೆಯ ಹಂತವನ್ನು ನಿಮ್ಮ ತಾಲ್ಲೂಕಿನ ಒಂದು ದಾರಿಗೆ ಅನ್ವಯಿಸಿ, ಠಾಣೆ ಮತ್ತು ಆಸ್ಪತ್ರೆಗಳ ಹೆಸರು ಸಮೇತ ಒಂದು ಪುಟದಲ್ಲಿ ಬರೆದು, ಅದನ್ನೇ ಅರ್ಜಿಯ ಜೊತೆ ಲಗತ್ತಿಸಿ.